ಮರಿಗಳ ಸರದಿ ಪಟ್ಟಿ: ಸಂಚಕಾರದ ಹಣ ಮತ್ತು ಸಾಕಣೆದಾರರ ಹೊಣೆ

ತಾಯಿ ಬೆಕ್ಕು ತನ್ನ ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎಂಬ ಮಾತು ಕನ್ನಡ ನಾಡಿನ ಹಳ್ಳಿಗಳಲ್ಲಿ ರೂಢಿಯಲ್ಲಿದೆ. ಸುರಕ್ಷಿತವಾದ ಮೂಲೆ ದೊರೆಯುವವರೆಗೆ ಅದು ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಜಾಗ ಬದಲಿಸುತ್ತಲೇ ಇರುತ್ತದೆ. ಕಡಲೆ, ಗೋದಿ, ಹೆಸರು ಬೆಳೆಯುವ ನವಲಗುಂದ, ಅಣ್ಣಿಗೇರಿ ಭಾಗದಲ್ಲಿ ಕಾಳು ತುಂಬಿದ ಮನೆಗೆ ಇಲಿಯ ಕಾಟ ತಪ್ಪಿದ್ದಲ್ಲ. ಆದ್ದರಿಂದ ಬೆಕ್ಕಿನ ಮರಿ ಬೇಕೆಂದವರು ಕೇಳಿ ಒಯ್ಯುತ್ತಿದ್ದರು. ಕೊಟ್ಟವರು ಹಣ ಪಡೆಯುತ್ತಿರಲಿಲ್ಲ. ಮರಿ ಯಾವ ಮನೆಗೆ ಹೋಯಿತು, ಹೇಗಿದೆ ಎಂಬುದು ಓಣಿಯವರಿಗೆಲ್ಲ ತಿಳಿದಿರುತ್ತಿತ್ತು.

ಶುದ್ಧ ತಳಿಯ ಮರಿಗಳ ವಿಷಯ ಹೀಗಲ್ಲ. ಪರ್ಷಿಯನ್ ಬೆಕ್ಕಿನ ಮರಿಯಾಗಲಿ, ಮುಧೋಳ ನಾಯಿಯ ಮರಿಯಾಗಲಿ, ಅದಕ್ಕೆ ಬೆಲೆಯಿದೆ, ಬೇಡಿಕೆಯಿದೆ, ಕಾಯುವ ಗಿರಾಕಿಗಳಿದ್ದಾರೆ. ಮರಿ ಹುಟ್ಟುವ ಮೊದಲೇ ಹೆಸರು ಬರೆಸಿ ಮುಂಗಡ ಕೊಡುವ ಪದ್ಧತಿಯೂ ಇದೆ. ಕೃಷಿಯ ಜೊತೆಗೆ ಇದನ್ನು ಉಪಕಸುಬಾಗಿ ಕೈಗೊಳ್ಳಬಯಸುವ ಗ್ರಾಮೀಣ ಕುಟುಂಬಗಳು ಮರಿಗಳ ಆಹಾರ, ಔಷಧಗಳ ಬಗ್ಗೆ ವಿಚಾರಿಸುವಷ್ಟು ಸರದಿ ಪಟ್ಟಿಯ ಬಗ್ಗೆ ವಿಚಾರಿಸುವುದಿಲ್ಲ. ಆದರೆ ಈ ಕಸುಬಿನಲ್ಲಿ ಮನೆತನದ ಹೆಸರು ಉಳಿಯುವುದೂ ಕೆಡುವುದೂ ಬಹುಮಟ್ಟಿಗೆ ಆ ಪಟ್ಟಿಯಿಂದಲೇ. ಅದನ್ನು ಹೇಗೆ ನಿರ್ವಹಿಸಬೇಕು, ಮರಿಗಳನ್ನು ಯಾವ ಮನೆಗೆ ಕೊಡಬೇಕು, ಮುಂಗಡ ಹಣವನ್ನು ಲೆಕ್ಕದಲ್ಲಿ ಹೇಗೆ ಕಾಣಿಸಬೇಕು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಮುಧೋಳದ ನಿದರ್ಶನ

ತಳಿ ಸಾಕಣೆಗೆ ಸಮೀಪದ ನಿದರ್ಶನ ಬಾಗಲಕೋಟೆ ಜಿಲ್ಲೆಯ ಮುಧೋಳದಲ್ಲಿದೆ. ಮುಧೋಳ ಸಂಸ್ಥಾನದ ಅರಸ ಮಾಲೋಜಿರಾವ್ ಘೋರ್ಪಡೆಯವರು ಈ ಬೇಟೆನಾಯಿಗಳ ಪೋಷಣೆಗೆ ಪ್ರೋತ್ಸಾಹ ನೀಡಿದರು. ಒಂದು ಜೋಡಿಯನ್ನು ಬ್ರಿಟನ್ನಿನ ದೊರೆ ಐದನೆಯ ಜಾರ್ಜ್‌ಗೆ ಕಾಣಿಕೆಯಾಗಿ ಕೊಟ್ಟರೆಂಬುದು ಪ್ರತೀತಿ. 2005ರ ಜನವರಿಯಲ್ಲಿ ಅಂಚೆ ಇಲಾಖೆಯು ಹೊರತಂದ ಭಾರತೀಯ ನಾಯಿ ತಳಿಗಳ ಅಂಚೆಚೀಟಿಗಳಲ್ಲಿ ಮುಧೋಳ ನಾಯಿಯೂ ಸೇರಿತ್ತು. ಬೀದರಿನಲ್ಲಿ ಕೇಂದ್ರ ಕಚೇರಿಯುಳ್ಳ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವು ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಈ ತಳಿಗಾಗಿ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವನ್ನು ನಡೆಸುತ್ತಿದೆ. 2016ರಲ್ಲಿ ಈ ತಳಿಯ ಮರಿಗಳು ಭೂಸೇನೆಯ ತರಬೇತಿಗಾಗಿ ಮೀರತ್‌ಗೆ ಹೋದವು. 2020ರ ಆಗಸ್ಟ್ 30ರಂದು ಪ್ರಧಾನಮಂತ್ರಿಗಳು ತಮ್ಮ ಬಾನುಲಿ ಭಾಷಣದಲ್ಲಿ ಮುಧೋಳ ನಾಯಿಯನ್ನು ಹೆಸರಿಸಿದ ಬಳಿಕ ಮರಿಗಳಿಗೆ ಬೇಡಿಕೆ ಏರಿತು.

ವ್ಯಾಪಾರಸ್ಥರು ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಬೇಡಿಕೆ ಒಂದೇ ದಿನದಲ್ಲಿ ಏರಬಹುದು. ಪೂರೈಕೆ ಹಾಗೆ ಏರುವುದಿಲ್ಲ. ನಾಯಿಗಾಗಲಿ ಬೆಕ್ಕಿಗಾಗಲಿ ಗರ್ಭಾವಧಿ ಸುಮಾರು ಒಂಬತ್ತು ವಾರ. ಹುಟ್ಟಿದ ಮೇಲೂ ಮರಿಯನ್ನು ತಾಯಿಯಿಂದ ಕೂಡಲೇ ಬೇರ್ಪಡಿಸುವಂತಿಲ್ಲ. ಬ್ರಿಟನ್ನಿನಲ್ಲಿ 1910ರಲ್ಲಿ ಸ್ಥಾಪಿತವಾದ ಬೆಕ್ಕು ತಳಿಗಳ ನೋಂದಣಿ ಮಂಡಳಿಯು, 13 ವಾರ ತುಂಬುವ ಮುನ್ನ ಮರಿಯನ್ನು ಹೊಸ ಮನೆಗೆ ಕಳುಹಿಸಬಾರದೆಂದು ಸಲಹೆ ನೀಡುತ್ತದೆ. ಅಂದರೆ ಬೆಕ್ಕುಗಳನ್ನು ಕೂಡಿಸಿದ ದಿನದಿಂದ ಮರಿ ಗಿರಾಕಿಯ ಕೈಸೇರುವವರೆಗೆ ಸುಮಾರು ಐದು ತಿಂಗಳು ಬೇಕು. ಬೇಡಿಕೆಗೂ ಪೂರೈಕೆಗೂ ನಡುವಿನ ಈ ಅಂತರವೇ ಸರದಿ ಪಟ್ಟಿಯ ಮೂಲ.

ತೊಟ್ಟಿಲಿಗೂ ಮರಿಗೂ ಇರುವ ವ್ಯತ್ಯಾಸ

ಬೇಡಿಕೆ ಪಡೆದು ಸರಕು ತಯಾರಿಸುವ ಪದ್ಧತಿ ಧಾರವಾಡ ಜಿಲ್ಲೆಗೆ ಹೊಸದಲ್ಲ. ಕಲಘಟಗಿಯ ಬಣ್ಣದ ತೊಟ್ಟಿಲಿಗೆ ಗಿರಾಕಿಗಳು ಮೊದಲೇ ಹೇಳಿ ಮಾಡಿಸುತ್ತಾರೆ. ಅಲ್ಲಿ ಕಟ್ಟಿಗೆ, ಬಣ್ಣ, ಕೆಲಸದ ದಿನ, ಎಲ್ಲವೂ ಕುಶಲಕರ್ಮಿಯ ಕೈಯಲ್ಲಿವೆ. ಒಂದು ತೊಟ್ಟಿಲು ಕೆಟ್ಟರೆ ಮತ್ತೊಂದನ್ನು ಮಾಡಿ ಮಾತು ಉಳಿಸಿಕೊಳ್ಳಬಹುದು. ಮರಿಯ ವಿಷಯದಲ್ಲಿ ಗರ್ಭ ನಿಲ್ಲುವುದು, ಸೂಲಿನಲ್ಲಿ ಎಷ್ಟು ಮರಿ ಹುಟ್ಟುವವು, ಗಂಡೋ ಹೆಣ್ಣೋ, ಬಣ್ಣ ಯಾವುದು, ಎಷ್ಟು ಬದುಕುವವು, ಇವುಗಳಲ್ಲಿ ಯಾವುದೂ ಸಾಕಣೆದಾರರ ಕೈಯಲ್ಲಿಲ್ಲ.

1930ರ ಸರಕುಗಳ ಮಾರಾಟ ಕಾಯ್ದೆಯು ಇಂತಹ ಸಂದರ್ಭವನ್ನು ಗುರುತಿಸಿದೆ. ಇನ್ನೂ ಅಸ್ತಿತ್ವಕ್ಕೆ ಬಾರದ ಸರಕನ್ನು ಅದು ಭವಿಷ್ಯದ ಸರಕೆಂದು ಕರೆಯುತ್ತದೆ. ಅಂತಹ ಸರಕನ್ನು ಈಗಲೇ ಮಾರಿದೆವೆಂದು ಬರೆದುಕೊಂಡರೂ ಕಾನೂನಿನ ದೃಷ್ಟಿಯಲ್ಲಿ ಅದು ಮಾರಾಟವಲ್ಲ, ಮುಂದೆ ಮಾರುವ ಕರಾರು ಮಾತ್ರ. ಆದ್ದರಿಂದ ಹುಟ್ಟದ ಮರಿಗೆ ಪಡೆದ ಮುಂಗಡವು ಮಾರಾಟದ ಹಣವಲ್ಲ.

ಉತ್ತರ ಕರ್ನಾಟಕದ ವ್ಯವಹಾರದಲ್ಲಿ ಮುಂಗಡಕ್ಕೆ ಸಂಚಕಾರ ಎಂಬ ಪದ ಬಳಕೆಯಲ್ಲಿದೆ. ಅದೇ ಪದಕ್ಕೆ ಕೇಡು ಎಂಬ ಅರ್ಥವೂ ಉಂಟು. ಪಡೆದ ಸಂಚಕಾರವನ್ನು ಖರ್ಚುಮಾಡಿ ಕುಳಿತವರಿಗೆ ಎರಡೂ ಅರ್ಥಗಳು ಒಟ್ಟಿಗೆ ಅನುಭವಕ್ಕೆ ಬರುತ್ತವೆ.

ಒಂದು ಕಲ್ಪಿತ ಉದಾಹರಣೆ

ಕುಂದಗೋಳ ತಾಲೂಕಿನ ಒಂದು ರೈತ ಕುಟುಂಬವು ಎರಡು ಹೆಣ್ಣು ಪರ್ಷಿಯನ್ ಬೆಕ್ಕುಗಳನ್ನು ಸಾಕಿದೆಯೆಂದು ಭಾವಿಸೋಣ. ಒಂದು ಸೂಲಿಗೆ ನಾಲ್ಕರಂತೆ ಎಂಟು ಮರಿಗಳ ನಿರೀಕ್ಷೆ. ಮರಿಯೊಂದರ ಬೆಲೆ ರೂ. 12,000. ಕೇಳಿದವರನ್ನು ನಿರಾಶೆಗೊಳಿಸಬಾರದೆಂದು ಕುಟುಂಬವು 14 ಜನರಿಂದ ತಲಾ ರೂ. 2,000ದಂತೆ ರೂ. 28,000 ಮುಂಗಡ ಪಡೆದು, ಆ ಹಣವನ್ನು ಪಂಜರಕ್ಕೂ ಆಹಾರಕ್ಕೂ ಖರ್ಚುಮಾಡಿತು. ಒಂದು ಬೆಕ್ಕಿಗೆ ಗರ್ಭ ನಿಲ್ಲಲಿಲ್ಲ. ಇನ್ನೊಂದು ನಾಲ್ಕು ಮರಿ ಹಾಕಿತು. ಒಂದು ಸತ್ತಿತು, ಒಂದನ್ನು ಮುಂದಿನ ಸಂತಾನಕ್ಕಾಗಿ ಉಳಿಸಿಕೊಳ್ಳಲಾಯಿತು. ಕೊಡಲು ಸಿಕ್ಕಿದ್ದು ಎರಡೇ ಮರಿ.

ಆ ಇಬ್ಬರು ಗಿರಾಕಿಗಳಿಂದ ಬಾಕಿ ತಲಾ ರೂ. 10,000ದಂತೆ ರೂ. 20,000 ಬಂತು. ಉಳಿದ 12 ಜನರಿಗೆ ಮರಳಿಸಬೇಕಾದದ್ದು ರೂ. 24,000. ಮುಂಗಡವನ್ನೂ ಆದಾಯವೆಂದು ಬರೆದಿದ್ದರೆ ಕಿರ್ದಿಯಲ್ಲಿ ರೂ. 48,000 ಜಮಾ ಕಾಣುತ್ತದೆ. ನಿಜವಾದ ಮಾರಾಟ ರೂ. 24,000 ಮಾತ್ರ. ಮರಿ ಮಾರಿ ಬಂದ ಹಣವನ್ನೆಲ್ಲ ಕೊಟ್ಟರೂ ರೂ. 4,000 ಸಾಲದು. ಅದನ್ನು ಅಡತಿ ಅಂಗಡಿಯಿಂದ ಮೆಣಸಿನಕಾಯಿ ಫಸಲಿನ ಮೇಲೆ ಎತ್ತಬೇಕಾಗುತ್ತದೆ. ಹಣಕ್ಕಿಂತ ದೊಡ್ಡ ನಷ್ಟವೆಂದರೆ, 12 ಮನೆಗಳಲ್ಲಿ ಆ ಕುಟುಂಬದ ಮಾತಿನ ಮೇಲಿನ ನಂಬಿಕೆ ಹೋಗುತ್ತದೆ. ಇಲ್ಲಿ ಯಾರೂ ಮೋಸ ಮಾಡಲಿಲ್ಲ. ಬೇರೆಯವರ ಹಣವನ್ನು ತಮ್ಮದೆಂದು ಎಣಿಸಿದ್ದೇ ತಪ್ಪು.

ಪಟ್ಟಿಯನ್ನು ನಿರ್ವಹಿಸುವ ಕ್ರಮ

ಅನುಭವಿ ಸಾಕಣೆದಾರರು ಅನುಸರಿಸುವ ಕ್ರಮಗಳನ್ನು ಹೀಗೆ ಸಂಗ್ರಹಿಸಬಹುದು:

1. ವಿಚಾರಣೆಯ ಪಟ್ಟಿ ಮತ್ತು ಕಾಯ್ದಿರಿಸಿದವರ ಪಟ್ಟಿ ಬೇರೆಬೇರೆ ಇರಬೇಕು. ಮೊದಲನೆಯದರಲ್ಲಿ ಹೆಸರು ಬರೆಯಲು ಹಣ ಪಡೆಯಬಾರದು.

2. ಮರಿಗಳು ಹುಟ್ಟಿ ಕೆಲವು ವಾರ ಕಳೆದು, ಆರೋಗ್ಯ ಖಚಿತವಾದ ಮೇಲಷ್ಟೇ ಮುಂಗಡ ಪಡೆಯುವುದು ಕ್ಷೇಮ. ಅದಕ್ಕೆ ಮುಂಚೆ ಪಡೆಯಲೇಬೇಕಾದರೆ ಮೊತ್ತ ಚಿಕ್ಕದಿರಲಿ, ಪೂರ್ತಿ ಮರಳಿಸುವಂತಿರಲಿ.

3. ನಿರೀಕ್ಷಿತ ಮರಿಗಳ ಸಂಖ್ಯೆಯಿಂದ ಸಾವು ಮತ್ತು ಸ್ವಂತಕ್ಕೆ ಉಳಿಸಿಕೊಳ್ಳುವವನ್ನು ಕಳೆದು, ಉಳಿದಷ್ಟಕ್ಕೆ ಕಾಯ್ದಿರಿಸುವಿಕೆ ನಿಲ್ಲಬೇಕು. ಪಟ್ಟಿ ತುಂಬಿದ ಮೇಲೆ ತುಂಬಿದೆಯೆಂದು ಹೇಳುವುದೇ ಗಿರಾಕಿಗೆ ಮಾಡುವ ಉಪಕಾರ.

4. ಗಂಡು, ಹೆಣ್ಣು, ಬಣ್ಣದ ಅಪೇಕ್ಷೆಯನ್ನು ಬರೆದುಕೊಳ್ಳಬೇಕು. ಸರದಿ ಬಂದಾಗ ಬಯಸಿದ ಮರಿ ಇಲ್ಲದಿದ್ದರೆ, ಗಿರಾಕಿಯು ತನ್ನ ಸ್ಥಾನ ಕಳೆದುಕೊಳ್ಳದೆ ಮುಂದಿನ ಸೂಲಿಗೆ ಕಾಯಬಹುದೇ ಎಂಬುದು ಮೊದಲೇ ತೀರ್ಮಾನವಾಗಿರಬೇಕು.

5. ಸರದಿ ಬಂದವರು ಎಷ್ಟು ದಿನದೊಳಗೆ ಉತ್ತರಿಸಬೇಕೆಂಬ ಗಡುವು ಬರಹದಲ್ಲಿರಬೇಕು.

6. ಗರ್ಭ ನಿಲ್ಲದಿದ್ದರೆ ಅಥವಾ ಮರಿ ಸತ್ತರೆ ಆ ಸುದ್ದಿಯನ್ನು ಕೂಡಲೇ ಎಲ್ಲರಿಗೂ ತಿಳಿಸಬೇಕು.

ಹೆಚ್ಚು ಹಣ ಕೊಟ್ಟವರನ್ನು ಅಥವಾ ಪ್ರಭಾವಿಗಳ ಶಿಫಾರಸು ತಂದವರನ್ನು ಗುಟ್ಟಾಗಿ ಮುಂದೆ ಸೇರಿಸಿದರೆ ಪಾಳಿ ಹಚ್ಚಿದವರಿಗೆ ಅನ್ಯಾಯವಾಗುತ್ತದೆ. ಆದರೆ ಸರದಿ ಬಂದ ಮಾತ್ರಕ್ಕೆ ಮರಿ ಕೊಡಲೇಬೇಕೆಂದೂ ಇಲ್ಲ. ಮನೆ ಸರಿಹೊಂದದಿದ್ದರೆ ಕಾರಣ ತಿಳಿಸಿ ಹಣ ಮರಳಿಸುವ ಹಕ್ಕನ್ನು ಸಾಕಣೆದಾರರು ಕರಾರಿನಲ್ಲಿಯೇ ಕಾಯ್ದುಕೊಳ್ಳಬೇಕು.

ಮನೆಯ ಆಯ್ಕೆ

ಮರಿ ಕೊಡುವ ಮುನ್ನ ಕೇಳಬೇಕಾದ ಪ್ರಶ್ನೆಗಳು ಸರಳವಾಗಿವೆ. ಮನೆಯವರೆಲ್ಲರಿಗೂ ಒಪ್ಪಿಗೆ ಇದೆಯೇ? ಸುಗ್ಗಿಯ ದಿನಗಳಲ್ಲಿ ಎಲ್ಲರೂ ಹೊಲಕ್ಕೆ ಹೋದಾಗ ನೋಡಿಕೊಳ್ಳುವವರಾರು? ಪಶುವೈದ್ಯರು ಎಷ್ಟು ದೂರದಲ್ಲಿದ್ದಾರೆ? ಮನೆಯಲ್ಲಿ ಅಥವಾ ಗೋದಾಮಿನಲ್ಲಿ ಇಲಿ ಪಾಷಾಣ ಇಡುವ ರೂಢಿಯಿದೆಯೇ? ವಿಷ ತಿಂದ ಇಲಿಯನ್ನು ತಿಂದ ಬೆಕ್ಕಿಗೂ ವಿಷವೇರಬಹುದಾದ್ದರಿಂದ ಕಾಳಿನ ವ್ಯಾಪಾರಿಗಳ ವಿಷಯದಲ್ಲಿ ಕೊನೆಯ ಪ್ರಶ್ನೆ ಮುಖ್ಯ.

ಉತ್ತರಗಳನ್ನು ಕೇಳಿದ ಮೇಲೆ ಕೆಲವೊಮ್ಮೆ ವ್ಯಾಪಾರ ಬಿಡಬೇಕಾಗುತ್ತದೆ. ಪರ್ಷಿಯನ್ ಬೆಕ್ಕಿನ ಮುಖ ಚಪ್ಪಟೆ, ಕೂದಲು ಉದ್ದ. ಬಯಲುಸೀಮೆಯ ಬೇಸಿಗೆ ಅದಕ್ಕೆ ಕಷ್ಟಕರ, ನಿತ್ಯ ಬಾಚಣಿಕೆಯೂ ಬೇಕು. ಇಲಿ ಹಿಡಿಯಲು ಬೆಕ್ಕು ಬೇಕೆಂದು ಬಂದವರಿಗೆ, ನೆರೆಮನೆಯ ನಾಡಬೆಕ್ಕಿನ ಮರಿಯೇ ತಕ್ಕದ್ದೆಂದು ಹೇಳುವುದು ಪ್ರಾಮಾಣಿಕತೆ. ಹಾಗೆಯೇ ಓಟಕ್ಕೆ ಹೆಸರಾದ ಮುಧೋಳ ನಾಯಿಯನ್ನು ಓಡಾಡಲು ಜಾಗವಿಲ್ಲದ ಮನೆಗೆ ಕೊಡುವುದು ಯುಕ್ತವಲ್ಲ.

ಮರಿಯೊಡನೆ ಲಸಿಕೆಯ ದಾಖಲೆ, ತಂದೆ ತಾಯಿಯ ವಿವರ, ತಿನ್ನುತ್ತಿದ್ದ ಆಹಾರದ ಮಾಹಿತಿಯನ್ನು ಬರಹದಲ್ಲಿ ಕೊಡಬೇಕು. ಪರ್ಷಿಯನ್ ತಳಿಯಲ್ಲಿ ಮೂತ್ರಪಿಂಡದಲ್ಲಿ ನೀರುಗುಳ್ಳೆಗಳಾಗುವ ಆನುವಂಶಿಕ ರೋಗವಿದ್ದು, ಅದಕ್ಕೆ ವಂಶವಾಹಿ ಪರೀಕ್ಷೆಯೂ ಲಭ್ಯವಿದೆ. ತಾಯಿತಂದೆಗಳ ಪರೀಕ್ಷೆಯಾಗಿದೆಯೇ ಎಂಬುದನ್ನು ಮುಚ್ಚಿಡಬಾರದು. ಸಾಕಲು ಆಗದಿದ್ದರೆ ಬೀದಿಗೆ ಬಿಡದೆ ತಮಗೇ ಮರಳಿಸಬೇಕೆಂಬ ಷರತ್ತನ್ನು ಒಳ್ಳೆಯ ಸಾಕಣೆದಾರರು ತಪ್ಪದೆ ಹಾಕುತ್ತಾರೆ. ಮರಳಿ ಬಂದ ಪ್ರಾಣಿಗೆ ಜಾಗವನ್ನೂ ಇಟ್ಟಿರುತ್ತಾರೆ.

ಕಾನೂನು, ಲೆಕ್ಕಪತ್ರ ಮತ್ತು ತೆರಿಗೆ

ನಾಯಿ ಸಾಕಣೆದಾರರಿಗೆ 2017ರ ಪ್ರಾಣಿ ಹಿಂಸೆ ತಡೆ (ನಾಯಿ ಸಂತಾನೋತ್ಪತ್ತಿ ಮತ್ತು ಮಾರಾಟ) ನಿಯಮಗಳು ಅನ್ವಯಿಸುತ್ತವೆ. ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಕಡ್ಡಾಯ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಮಾರುವ ಮರಿಗೆ ಮೈಕ್ರೊಚಿಪ್ ಮತ್ತು ವಯಸ್ಸಿಗೆ ತಕ್ಕ ಲಸಿಕೆ ಆಗಿರಬೇಕು. ಸೂಲು, ಮಾರಾಟ, ಸಾವುಗಳ ದಾಖಲೆ ಇಟ್ಟು ಮಂಡಳಿಗೆ ವಾರ್ಷಿಕ ವರದಿ ಸಲ್ಲಿಸಬೇಕು. ಈ ನಿಯಮಗಳು ನಾಯಿಗಳಿಗೆ ಸಂಬಂಧಿಸಿದವು. ಬೆಕ್ಕುಗಳನ್ನು ಅಂಗಡಿಯಲ್ಲಿಟ್ಟು ಮಾರುವವರಿಗೆ 2018ರ ಸಾಕುಪ್ರಾಣಿ ಅಂಗಡಿ ನಿಯಮಗಳು ಅನ್ವಯವಾಗುತ್ತವೆ. ಮನೆಯಲ್ಲಿ ಬೆಕ್ಕು ಸಾಕುವವರೂ 2017ರ ನಿಯಮಗಳ ದಾಖಲೆ ಪದ್ಧತಿಯನ್ನು ಮಾದರಿಯಾಗಿ ಅನುಸರಿಸುವುದು ಲೇಸು.

ಮುಂಗಡ ಮರಳಿಸುವುದಿಲ್ಲವೆಂದು ರಸೀದಿಯ ಮೇಲೆ ಅಚ್ಚು ಹಾಕಿಸಿದ ಮಾತ್ರಕ್ಕೆ ರಕ್ಷಣೆ ದೊರೆಯದು. ಮರಿ ಕೊಡಲು ಸಾಕಣೆದಾರರಿಗೇ ಆಗದಿದ್ದಲ್ಲಿ ಹಣ ಇಟ್ಟುಕೊಳ್ಳಲು ಆಧಾರವಿಲ್ಲ. ಗಿರಾಕಿಯೇ ಹಿಂದೆ ಸರಿದರೂ, 1872ರ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ ದೊರೆಯುವುದು ನ್ಯಾಯಯುತ ಪರಿಹಾರ ಮಾತ್ರ. 2015ರಲ್ಲಿ ಕೈಲಾಶ್ ನಾಥ್ ಅಸೋಸಿಯೇಟ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಮುಂಗಡ ಮುಟ್ಟುಗೋಲಿನ ಬಗ್ಗೆ ಈ ತತ್ತ್ವವನ್ನು ವಿಶದಪಡಿಸಿದೆ.

ಲೆಕ್ಕದಲ್ಲಿ ಮುಂಗಡ ಬಂದ ದಿನ ಬ್ಯಾಂಕ್ ಖಾತೆಗೆ ಡೆಬಿಟ್, ಗ್ರಾಹಕರ ಮುಂಗಡ ಖಾತೆಗೆ ಕ್ರೆಡಿಟ್ ಬರೆಯಬೇಕು. ಆ ಮೊತ್ತ ಆಢಾವೆ ಪತ್ರಿಕೆಯಲ್ಲಿ ಹೊಣೆಗಾರಿಕೆಯಾಗಿಯೇ ನಿಲ್ಲುತ್ತದೆ. ಮರಿಯನ್ನು ಒಪ್ಪಿಸಿ, ಒಡೆತನ ಮತ್ತು ಅಪಾಯ ಗಿರಾಕಿಗೆ ವರ್ಗವಾದ ದಿನವೇ ಅದು ಮಾರಾಟದ ಆದಾಯ. ಮುಂಗಡಕ್ಕೆ ಪ್ರತ್ಯೇಕ ಉಳಿತಾಯ ಖಾತೆ ತೆರೆದು, ಮರಿ ಹಸ್ತಾಂತರವಾಗುವವರೆಗೆ ಅದನ್ನು ಮುಟ್ಟದಿರುವುದು ಎಲ್ಲಕ್ಕಿಂತ ಸುಲಭವಾದ ಉಪಾಯ. ಆಹಾರ, ಲಸಿಕೆಗಳ ಖರ್ಚಿಗೆ ಸ್ವಂತ ಬಂಡವಾಳವಿಲ್ಲದಿದ್ದರೆ ಈ ಕಸುಬನ್ನು ಆರಂಭಿಸದಿರುವುದೇ ವಿವೇಕ.

ಜೀವಂತ ಬೆಕ್ಕು, ನಾಯಿಗಳ ಮಾರಾಟಕ್ಕೆ ಜಿಎಸ್‌ಟಿ ವಿನಾಯಿತಿ ಇದೆ. ಜೊತೆಗೆ ಆಹಾರ, ಪಂಜರ ಮಾರಿದರೆ ಅವುಗಳಿಗೆ ತೆರಿಗೆಯುಂಟು. ಸಾಕುವವರು ರೈತರೆಂಬ ಕಾರಣದಿಂದ ಇದು ಕೃಷಿ ಆದಾಯವಾಗುವುದಿಲ್ಲ. ಭೂಮಿಯ ಮೇಲಿನ ಬೇಸಾಯದೊಡನೆ ಸಂಬಂಧವಿಲ್ಲದ ಉತ್ಪತ್ತಿ ಕೃಷಿ ಆದಾಯವಲ್ಲವೆಂಬುದು 1957ರ ಸರ್ವೋಚ್ಚ ನ್ಯಾಯಾಲಯದ ರಾಜಾ ಬಿನಯ್ ಕುಮಾರ್ ಸಹಾಸ್ ರಾಯ್ ತೀರ್ಪಿನಿಂದ ಸ್ಪಷ್ಟ. ಆದ್ದರಿಂದ ಮರಿ ಮಾರಾಟದ ಲಾಭವನ್ನು ವ್ಯವಹಾರದ ಆದಾಯವಾಗಿ ತೋರಿಸಬೇಕು.

ಇಷ್ಟಕ್ಕೆಲ್ಲ ಒಂದು ಉದ್ದನೆಯ ವಹಿ ಸಾಕು. ಕ್ರಮ ಸಂಖ್ಯೆ, ದಿನಾಂಕ, ಗಿರಾಕಿಯ ಹೆಸರು ಮತ್ತು ಊರು, ಅಪೇಕ್ಷೆ, ಮುಂಗಡದ ಮೊತ್ತ, ಮರಿ ಒಪ್ಪಿಸಿದ ಅಥವಾ ಹಣ ಮರಳಿಸಿದ ದಿನಾಂಕ, ಇವಿಷ್ಟು ಕಲಮುಗಳು. ಕೊನೆಯಲ್ಲಿ ಇನ್ನೊಂದು ಕಲಮು ಇರಲಿ: ಒಂದು ವರ್ಷದ ಬಳಿಕ ಮರಿಯ ಸ್ಥಿತಿ. ಅದನ್ನು ತುಂಬಲು ವರ್ಷಕ್ಕೊಮ್ಮೆ ಫೋನ್ ಮಾಡಬೇಕಾಗುತ್ತದೆ. ಹಿಂದೆ ಓಣಿಯ ಜನರಿಗೆ ತಾನಾಗಿ ತಿಳಿಯುತ್ತಿದ್ದ ಸಂಗತಿಯನ್ನು ಇಂದು ಸಾಕಣೆದಾರರು ಕೇಳಿ ಬರೆದುಕೊಳ್ಳಬೇಕು. ಮುಂದಿನ ಸೂಲಿನ ಗಿರಾಕಿಗಳು ಆ ಮನೆಗಳಲ್ಲಿಯೇ ವಿಚಾರಿಸಿ ಬರುತ್ತಾರೆ.