ಕಾಲ್ಚೆಂಡಿನ ಲೀಗ್ ಪದ್ಧತಿ: ಬಡ್ತಿ ಮತ್ತು ಹಿಂಬಡ್ತಿ

ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಪಂದ್ಯಗಳನ್ನು ರಾತ್ರಿ ನಿದ್ದೆಗೆಟ್ಟು ನೋಡುವ ವಿದ್ಯಾರ್ಥಿಗಳು ನಮ್ಮ ಕಾಲೇಜಿನಲ್ಲಿಯೂ ಇದ್ದಾರೆ. ಅಲ್ಲಿನ ಆಟಗಾರರ ಹೆಸರುಗಳು ಅವರಿಗೆ ಬಾಯಿಪಾಠ. ಆದರೆ ಲೀಗ್ ಎಂದರೇನು, ಅದು ಏಕೆ ಹುಟ್ಟಿತು, ಅದರ ಜೀವ ಎಲ್ಲಿದೆ ಎಂದು ವಿಚಾರ ಮಾಡಿದವರು ವಿರಳ. ಅದನ್ನು ಸ್ಥೂಲವಾಗಿ ತಿಳಿಸಿ, ನಮ್ಮ ನಾಡಿನ ಸ್ಥಿತಿಯೊಡನೆ ಹೋಲಿಸಿ ನೋಡುವುದೇ ಈ ಲೇಖನದ ಉದ್ದೇಶ.

ಪಂದ್ಯಾವಳಿಗಳಲ್ಲಿ ಎರಡು ವಿಧ. ಸೋತ ತಂಡ ಒಡನೆಯೇ ಹೊರಬೀಳುವುದು ನಾಕೌಟ್ ಪದ್ಧತಿ. ಪ್ರತಿಯೊಂದು ತಂಡವೂ ಉಳಿದ ಎಲ್ಲ ತಂಡಗಳೊಡನೆ ಆಡಿ, ಗಳಿಸಿದ ಅಂಕಗಳ ಮೇಲೆ ಸ್ಥಾನ ಪಡೆಯುವುದು ಲೀಗ್ ಪದ್ಧತಿ. ಇಂಗ್ಲೆಂಡಿನಲ್ಲಿ ಮೊದಲು ಬಂದದ್ದು ನಾಕೌಟ್. ಅಲ್ಲಿನ ಎಫ್. ಎ. ಕಪ್ 1871ರಲ್ಲಿ ಆರಂಭವಾಯಿತು. 1885ರಲ್ಲಿ ಆಟಗಾರರಿಗೆ ವೇತನ ಕೊಡಲು ಅನುಮತಿ ದೊರೆತ ಮೇಲೆ ಕ್ಲಬ್ಬುಗಳಿಗೆ ಹೊಸ ಚಿಂತೆ ಹತ್ತಿತು. ವಾರವಾರವೂ ಸಂಬಳ ಕೊಡಬೇಕು; ಆದರೆ ವಾರವಾರವೂ ಪಂದ್ಯ ನಡೆಯುವುದೆಂಬ ಭರವಸೆಯಿಲ್ಲ. ಕಪ್ಪಿನಲ್ಲಿ ಬೇಗ ಸೋತರೆ ಮೈದಾನ ಬರಿದು, ಪೆಟ್ಟಿಗೆಯೂ ಬರಿದು.

ಈ ಸಂಕಟಕ್ಕೆ ಪರಿಹಾರ ಸೂಚಿಸಿದವನು ಆಸ್ಟನ್ ವಿಲ್ಲಾ ಕ್ಲಬ್ಬಿನ ವಿಲಿಯಂ ಮೆಕ್‌ಗ್ರೆಗರ್ ಎಂಬ ಬಟ್ಟೆ ವ್ಯಾಪಾರಿ. 1888ರ ಮಾರ್ಚಿಯಲ್ಲಿ ಆತ ಕೆಲವು ಕ್ಲಬ್ಬುಗಳಿಗೆ ಪತ್ರ ಬರೆದು, ಎಲ್ಲರೂ ಸೇರಿ ಗೊತ್ತಾದ ದಿನಗಳಂದು ಪರಸ್ಪರ ಆಡೋಣವೆಂದು ಕರೆಕೊಟ್ಟನು. ಅದೇ ವರ್ಷದ ಸೆಪ್ಟೆಂಬರಿನಲ್ಲಿ 12 ಕ್ಲಬ್ಬುಗಳ ಫುಟ್‌ಬಾಲ್ ಲೀಗ್ ಪ್ರಾರಂಭವಾಯಿತು. ಅವುಗಳಲ್ಲಿ ಲಂಡನ್ನಿನ ಕ್ಲಬ್ಬು ಒಂದೂ ಇರಲಿಲ್ಲ. ಎಲ್ಲವೂ ಗಿರಣಿ, ಕಾರ್ಖಾನೆಗಳ ಊರುಗಳವು. ಮೊದಲ ವರ್ಷ ಪ್ರೆಸ್ಟನ್ ನಾರ್ತ್ ಎಂಡ್ ತಂಡ 22 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ವಿಜೇತವಾಯಿತು.

ಇದರ ಲೆಕ್ಕ ಸುಲಭ. ಪ್ರತಿ ತಂಡವೂ ಉಳಿದ ತಂಡಗಳೊಡನೆ ತನ್ನ ಮೈದಾನದಲ್ಲಿ ಒಮ್ಮೆ, ಎದುರಾಳಿಯ ಮೈದಾನದಲ್ಲಿ ಒಮ್ಮೆ ಆಡಬೇಕು. 12 ತಂಡಗಳಿದ್ದರೆ 12ನ್ನು 11ರಿಂದ ಗುಣಿಸಿದಾಗ ಬರುವ 132 ಪಂದ್ಯಗಳು. 1992ರಲ್ಲಿ ಹುಟ್ಟಿದ ಪ್ರೀಮಿಯರ್ ಲೀಗಿನಲ್ಲಿ 1995ರಿಂದ 20 ತಂಡಗಳಿವೆ. ಆದ್ದರಿಂದ 380 ಪಂದ್ಯಗಳು. ಮೊದಲು ಗೆಲುವಿಗೆ 2 ಅಂಕ, ಸಮಕ್ಕೆ 1 ಅಂಕ ಇದ್ದಿತು. 1981ರಲ್ಲಿ ಇಂಗ್ಲೆಂಡು ಗೆಲುವಿನ ಅಂಕವನ್ನು 3ಕ್ಕೆ ಏರಿಸಿತು. ಒಂದು ತಂಡ 10 ಪಂದ್ಯ ಗೆದ್ದು 10 ಸೋತಿತು, ಇನ್ನೊಂದು 20 ಪಂದ್ಯಗಳನ್ನೂ ಸಮ ಮಾಡಿಕೊಂಡಿತು ಎಂದಿಟ್ಟುಕೊಳ್ಳಿ. ಹಳೆಯ ಲೆಕ್ಕದಲ್ಲಿ ಎರಡಕ್ಕೂ 20 ಅಂಕ; ಹೊಸ ಲೆಕ್ಕದಲ್ಲಿ ಮೊದಲನೆಯದಕ್ಕೆ 30, ಎರಡನೆಯದಕ್ಕೆ 20. ನಿಯಮ ಬದಲಾದರೆ ಆಡುವ ಮನಸ್ಸೂ ಬದಲಾಗುತ್ತದೆ ಎಂಬುದಕ್ಕೆ ಇದೇ ನಿದರ್ಶನ.

ಇದಕ್ಕಿಂತ ಮುಖ್ಯವಾದ ನಿಯಮ ಬೇರೊಂದಿದೆ. 1892ರಲ್ಲಿ ಎರಡನೆಯ ಶ್ರೇಣಿ ಏರ್ಪಟ್ಟಿತು. ಮೊದಮೊದಲು ಮೇಲಿನ ಶ್ರೇಣಿಯ ಕೊನೆಯ ತಂಡಗಳಿಗೂ ಕೆಳಗಿನ ಶ್ರೇಣಿಯ ಮೊದಲ ತಂಡಗಳಿಗೂ ಪರೀಕ್ಷಾ ಪಂದ್ಯಗಳನ್ನು ಇಡುತ್ತಿದ್ದರು. 1898ರ ನಂತರ ಪರೀಕ್ಷೆ ನಿಂತು, ಅಂಕಪಟ್ಟಿಯ ಸ್ಥಾನವೇ ನಿರ್ಣಾಯಕವಾಯಿತು: ಕೆಳಗೆ ಗೆದ್ದವರಿಗೆ ಬಡ್ತಿ, ಮೇಲೆ ಹಿಂದುಳಿದವರಿಗೆ ಹಿಂಬಡ್ತಿ. ಈಗ ಪ್ರತಿ ವರ್ಷ ಪ್ರೀಮಿಯರ್ ಲೀಗಿನಿಂದ ಮೂರು ತಂಡಗಳು ಇಳಿದು ಮೂರು ತಂಡಗಳು ಏರುತ್ತವೆ.

ಲೆಸ್ಟರ್ ಸಿಟಿಯ ಚರಿತ್ರೆಯನ್ನು ನೋಡಿರಿ. 2008-09ರಲ್ಲಿ ಅದು ಮೂರನೆಯ ಶ್ರೇಣಿಯಲ್ಲಿತ್ತು. 2014ರಲ್ಲಿ ಮೊದಲ ಶ್ರೇಣಿಗೆ ಏರಿತು. 2016ರಲ್ಲಿ ಎಲ್ಲ ಸಿರಿವಂತ ಕ್ಲಬ್ಬುಗಳನ್ನೂ ಹಿಂದಿಕ್ಕಿ ಇಂಗ್ಲೆಂಡಿನ ಚಾಂಪಿಯನ್ ಆಯಿತು. ಅದರ ಮುಂಚೂಣಿಯ ಆಟಗಾರ ಜೇಮೀ ವಾರ್ಡಿ ಕೆಲವೇ ವರ್ಷಗಳ ಹಿಂದೆ ಕಾರ್ಖಾನೆಯಲ್ಲಿ ದುಡಿಯುತ್ತ ಸಣ್ಣ ಊರಿನ ತಂಡಕ್ಕೆ ಆಡುತ್ತಿದ್ದವನು. ಅದೇ ಲೆಸ್ಟರ್ 2023ರಲ್ಲಿ ಕೆಳಗಿಳಿಯಿತು, 2024ರಲ್ಲಿ ಮೇಲೇರಿತು, 2025ರಲ್ಲಿ ಮತ್ತೆ ಇಳಿಯಿತು. ಚಾಂಪಿಯನ್ ಪಟ್ಟವೂ ಅದಕ್ಕೆ ರಕ್ಷೆಯಾಗಲಿಲ್ಲ. ಏರಲು ಬಿಟ್ಟ ನಿಯಮವೇ ಇಳಿಸಿತು.

ಈ ನಿಯಮದಿಂದ ತಪ್ಪಿಸಿಕೊಳ್ಳುವ ಯತ್ನವೂ ನಡೆಯಿತು. 2021ರ ಏಪ್ರಿಲಿನಲ್ಲಿ ಯೂರೋಪಿನ 12 ದೊಡ್ಡ ಕ್ಲಬ್ಬುಗಳು ಸೇರಿ, ಸ್ಥಾಪಕ ಕ್ಲಬ್ಬುಗಳಿಗೆ ಹಿಂಬಡ್ತಿಯೇ ಇಲ್ಲದ ಸೂಪರ್ ಲೀಗನ್ನು ಘೋಷಿಸಿದುವು. ಅವುಗಳಲ್ಲಿ ಆರು ಇಂಗ್ಲೆಂಡಿನವು. ಆ ಕ್ಲಬ್ಬುಗಳ ಅಭಿಮಾನಿಗಳೇ ಬೀದಿಗಿಳಿದು ಪ್ರತಿಭಟಿಸಿದರು. ಮೂರು ದಿನ ತುಂಬುವುದರೊಳಗೆ ಆರೂ ಕ್ಲಬ್ಬುಗಳು ಹಿಂಜರಿದುವು. ತಮ್ಮ ತಂಡಕ್ಕೆ ಶಾಶ್ವತ ಸ್ಥಾನ ಸಿಗುವುದೆಂದರೂ ಜನ ಬೇಡವೆಂದದ್ದು ಗಮನಾರ್ಹ.

ಇನ್ನು ನಮ್ಮ ಕಡೆಗೆ ಬರೋಣ. ಬೆಂಗಳೂರಿನ ಕಾಲ್ಚೆಂಡಾಟಕ್ಕೆ ಹಳೆಯ ಕೀರ್ತಿಯಿದೆ. ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲಿಯೇ ರೋವರ್ಸ್ ಕಪ್ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ವಿರುದ್ಧ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಬೆಂಗಳೂರಿನ ಎಚ್. ಎ. ಎಲ್. ತಂಡ 2010ರಲ್ಲಿ ಎರಡನೆಯ ಶ್ರೇಣಿಯಿಂದ ಅಂದಿನ ರಾಷ್ಟ್ರದ ಮೇಲ್ಮಟ್ಟದ ಐ-ಲೀಗಿಗೆ ಏರಿ, 2012ರಲ್ಲಿ ಇಳಿಯಿತು. ಇಳಿದದ್ದು ನಿಜ, ಆದರೆ ಕಾರ್ಖಾನೆಯ ತಂಡವೊಂದು ಆಟದ ಬಲದಿಂದಲೇ ಅಲ್ಲಿಗೆ ಏರಿತ್ತು. 2013ರಲ್ಲಿ ಬೆಂಗಳೂರು ಎಫ್. ಸಿ. ಸ್ಥಾಪನೆಯಾಯಿತು. ಅದು ಮೆಟ್ಟಿಲು ಹತ್ತಿ ಬರಲಿಲ್ಲ. ನೇರವಾಗಿ ಐ-ಲೀಗಿಗೆ ಸೇರಿತು. ಸೇರಿದ ಮೊದಲ ವರ್ಷವೇ ವಿಜೇತವಾಯಿತು. 2016ರಲ್ಲಿ ಮತ್ತೊಮ್ಮೆ ಗೆದ್ದಿತು. 2017ರಲ್ಲಿ ಇಂಡಿಯನ್ ಸೂಪರ್ ಲೀಗಿಗೆ ಹೋಗಿ 2019ರಲ್ಲಿ ಅಲ್ಲಿಯೂ ಪ್ರಶಸ್ತಿ ಪಡೆಯಿತು. ಇದು ಕನ್ನಡಿಗರು ಹೆಮ್ಮೆ ಪಡುವ ಸಾಧನೆಯೇ ಸರಿ.

ಆದರೆ 2014ರಲ್ಲಿ ಆರಂಭವಾದ ಆ ಸೂಪರ್ ಲೀಗಿಗೆ ಬಹುಕಾಲ ಮೆಟ್ಟಿಲೇ ಇರಲಿಲ್ಲ. ಕೆಳಗಿನ ಲೀಗ್ ಗೆದ್ದು ಮೊದಲು ಏರಿದ್ದು ಪಂಜಾಬ್ ಎಫ್. ಸಿ., 2023ರಲ್ಲಿ, ಮರುವರ್ಷ ಕೋಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್. 2024-25ರ ಋತು ಮುಗಿಯುವವರೆಗೂ ಇಳಿದ ತಂಡ ಒಂದೂ ಇಲ್ಲ. ಇದಕ್ಕೆ ಕ್ಲಬ್ಬುಗಳ ಸಮರ್ಥನೆಯೂ ಉಂಟು: ವರ್ಷವೂ ನಷ್ಟದಲ್ಲಿ ನಡೆಯುವ ಕ್ಲಬ್ಬು ಕೆಳಗಿಳಿದರೆ ಹಣ ಹೂಡುವವರು ಬಿಟ್ಟುಹೋಗುವರೆಂಬ ಭಯ. ಅದು ಸುಳ್ಳು ಭಯವಲ್ಲ. ಆದರೆ ಇಂಗ್ಲೆಂಡಿನಲ್ಲಿ ಇಳಿದ ಕ್ಲಬ್ಬು ಒಮ್ಮೆಲೆ ಕುಸಿಯದಂತೆ ಕೆಲವು ವರ್ಷ ಧನಸಹಾಯ ಕೊಡುತ್ತಾರೆ. ಬೀಳುವವನಿಗೆ ಆಸರೆ ಕೊಡಬಹುದು. ಅದಕ್ಕಾಗಿ ಏಣಿಯನ್ನೇ ತೆಗೆದಿಡಬೇಕಾಗಿಲ್ಲ. ಇಳಿಯುವ ಬಾಗಿಲು ಮುಚ್ಚಿದ್ದರೂ 2025ರ ಜುಲೈಯಲ್ಲಿ ಸೂಪರ್ ಲೀಗಿನ ಆ ವರ್ಷದ ಋತುವನ್ನೇ ತಡೆಹಿಡಿಯಬೇಕಾಯಿತು. ಮುಚ್ಚಿದ ಬಾಗಿಲು ಭದ್ರತೆಯನ್ನೂ ಕೊಡಲಿಲ್ಲವೆಂದಂತಾಯಿತು.

ನಮ್ಮ ಸೀಮೆಯ ಕೆರೆಗಳನ್ನು ನೆನೆಯಿರಿ. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ನಡುವಣ ಕಾಲುವೆಯನ್ನು ಯಾರಾದರೂ ಮುಚ್ಚಿದರೆ ಕೆಳಗಿನವರು ಒಣಗುತ್ತಾರೆ. ಕಾಲ್ಚೆಂಡಾಟದಲ್ಲಿಯೂ ಊರಿಗೂ ರಾಜಧಾನಿಗೂ ನಡುವೆ ಕಾಲುವೆ ಬೇಕು.

ಆ ಕಾಲುವೆಯನ್ನು ನಮ್ಮ ತುದಿಯಿಂದಲೇ ತೋಡಲು ಅಡ್ಡಿಯೇನು? ಕೆಂಚಾರ್ಲಹಳ್ಳಿ, ಬಟ್ಲಹಳ್ಳಿ, ಮುರುಗಮಲ್ಲ, ಕೈವಾರ, ಚಿಂತಾಮಣಿ, ಶಿಡ್ಲಘಟ್ಟ ಈ ಆರು ಊರುಗಳ ತಂಡಗಳು ನಾಕೌಟ್ ಆಡಿದರೆ ಒಟ್ಟು ಪಂದ್ಯಗಳು 5 ಮಾತ್ರ. ಬಸ್ಸು ಹಿಡಿದು ಬಂದ ಹುಡುಗರಲ್ಲಿ ಅರ್ಧದಷ್ಟು ಮಂದಿ ಒಂದೇ ಪಂದ್ಯವಾಡಿ ಹಿಂದಿರುಗಬೇಕು. ಅವೇ ತಂಡಗಳು ಒಂದು ಸುತ್ತಿನ ಲೀಗ್ ಆಡಿದರೆ 15 ಪಂದ್ಯಗಳು. ಅತಿ ದುರ್ಬಲ ತಂಡಕ್ಕೂ 5 ಪಂದ್ಯಗಳ ಅನುಭವ. ವಾರಕ್ಕೆ ಮೂರರಂತೆ ಆಡಿದರೆ ಐದು ವಾರಗಳಲ್ಲಿ ಮುಗಿಯುತ್ತದೆ. ತಂಡಗಳು ಹೆಚ್ಚಿದಂತೆ ಎರಡನೆಯ ಶ್ರೇಣಿಯನ್ನು ಕಟ್ಟಬಹುದು. ಬೇಕಾದುದು ಒಂದು ಮೈದಾನ, ಒಂದು ಚೆಂಡು, ಒಂದು ಅಂಕಪಟ್ಟಿ ಮತ್ತು ಪಟ್ಟಿಯ ತೀರ್ಪಿಗೆ ತಲೆಬಾಗುವ ಮನಸ್ಸು. ನಮ್ಮ ಕ್ರೀಡಾಸಂಘದ ಗೆಳೆಯರೂ ಅಧ್ಯಾಪಕರೂ ಮುಂದಿನ ವರ್ಷ ಈ ಬಗ್ಗೆ ಯೋಚಿಸುವರೆಂದು ಆಶಿಸೋಣ.