ತರಗೆಲೆ ಗುಡಿಸಲು ಹೊರಟವರಿಗೆ

ಚಳಿ ಹಿಂದಾಗುತ್ತಿದ್ದಂತೆ ಮಲೆನಾಡಿನಲ್ಲಿ ತರಗೆಲೆ ಗುಡಿಸುವ ಕೆಲಸ ಶುರು. ಕೊಟ್ಟಿಗೆಗೂ ಬೇಕು, ತೋಟಕ್ಕೂ ಬೇಕು. ಮಂಗನ ಕಾಯಿಲೆಯ ಕಾಲವೂ ಅದೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ರೋಗಕ್ಕೆ ಹೆಸರು ಮಂಗನದು, ಅಂಟಿಸುವುದು ಉಣುಗು. ಅದರಲ್ಲೂ ಮರಿ ಉಣುಗು ಎಷ್ಟು ಸಣ್ಣದೆಂದರೆ ಕಚ್ಚಿದ್ದೂ ಗೊತ್ತಾಗುವುದಿಲ್ಲ.

ಕಾಡಿಗೆ ಹೊರಡುವ ಮುನ್ನ, ಉಣುಗು ಕಚ್ಚದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಳ್ಳಿ. ಜಿಡ್ಡು ಎಂದು ಮೂಗು ಮುರಿದು ಸೀಸೆಯನ್ನು ಅಟ್ಟಕ್ಕೇರಿಸಿದರೆ ಯಾರಿಗೆ ಲಾಭ? ಮೈತುಂಬ ಬಟ್ಟೆಯಿರಲಿ, ಪ್ಯಾಂಟಿನ ತುದಿ ಕಾಲುಚೀಲದೊಳಗೆ ಸೇರಿರಲಿ. ಮರಳಿದೊಡನೆ ಬಟ್ಟೆ ಬಿಸಿನೀರಿಗೆ, ನೀವು ಬಚ್ಚಲಿಗೆ. ಕಿವಿಯ ಹಿಂದೆ, ಕಂಕುಳು, ಸೊಂಟ ಚೆನ್ನಾಗಿ ನೋಡಿಕೊಳ್ಳಿ. ಕಾಡಲ್ಲಿ ಮೇಯ್ದು ಬಂದ ದನದ ಮೈಮೇಲೂ ಒಮ್ಮೆ ಕಣ್ಣಾಡಿಸಿ.

ತೋಟದ ಯಜಮಾನರೇ, ಕೂಲಿಗೆ ಬಂದವರಿಗೂ ತೈಲ ಕೊಡಿಸುವುದು ನಿಮ್ಮ ಕೆಲಸ. ಅದನ್ನು ಅವರ ಹಣೆಬರಹಕ್ಕೆ ಬಿಡಬೇಡಿ.

ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಉಣುಗುಗಳು ಅದರ ಮೈ ಬಿಟ್ಟು ಸುತ್ತಲೂ ಹರಡಿರುತ್ತವೆ. ಆಶಾ ಕಾರ್ಯಕರ್ತೆಗೆ ತಿಳಿಸಿ. ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಅಂಗಡಿ ಮಾತ್ರೆ ನುಂಗಿ ಮಲಗದೆ ಆಸ್ಪತ್ರೆಗೆ ಹೋಗಿ, ಕಾಡಿಗೆ ಹೋಗಿದ್ದನ್ನು ವೈದ್ಯರು ಕೇಳುವ ಮೊದಲೇ ಹೇಳಿಬಿಡಿ. ಈ ಜ್ವರ ಒಮ್ಮೆ ಬಿಟ್ಟು ವಾರದ ಮೇಲೆ ಮರಳುವುದೂ ಉಂಟು.