ಔಷಧ ಯಾವ ದಾರಿಯಲ್ಲಿ ಇಳಿಯಿತು?

ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಲ್ಲಿ ಅನೇಕರಿಗೆ ಫಿಟ್ಸ್ ಕೂಡ ಇರುತ್ತದೆ. ಎಂದರೆ, ನುಂಗುವುದೇ ಕಷ್ಟವಾದ ಮಗುವಿಗೆ ವರ್ಷಗಟ್ಟಲೆ, ದಿನವೂ ತಪ್ಪದೆ ಔಷಧ ಕುಡಿಸಬೇಕು. ಡೋಸ್ ತಪ್ಪಿದರೆ ಫಿಟ್ಸ್ ಬಂದೀತು ಎಂಬ ಭಯದಲ್ಲಿ, ಹೇಗಾದರೂ ಒಳಗೆ ಹೋದರೆ ಸಾಕು ಎನ್ನಿಸುವುದು ಸಹಜ. ಆದರೆ ನುಂಗುವ ಕ್ಷಣದಲ್ಲಿ ಶ್ವಾಸನಾಳ ಮುಚ್ಚಿಕೊಳ್ಳಬೇಕು. ಈ ಮಕ್ಕಳಲ್ಲಿ ಹಲವರಿಗೆ ಅದು ತಡವಾಗುತ್ತದೆ, ಕೆಲವೊಮ್ಮೆ ಪೂರ್ತಿ ಮುಚ್ಚುವುದೇ ಇಲ್ಲ. ಆಗ ಹೊಟ್ಟೆಗೆ ಹೋಗಬೇಕಾದದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ.

ಕೂಸನ್ನು ಕಾಲ ಮೇಲೆ ಅಂಗಾತ ಮಲಗಿಸಿ ಒಳಲೆಯಿಂದ ಹುಯ್ಯುವುದು, ಬಾಯಿ ಬಿಡದಿದ್ದರೆ ಮೂಗು ಹಿಡಿಯುವುದು ನಮ್ಮ ಅನೇಕ ಮನೆಗಳ ರೂಢಿ. ಅಜ್ಜಿಯರ ಅಕ್ಕರೆಯ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಆದರೂ ಇದನ್ನು ಬಿಡಲೇಬೇಕು. ಮೂಗು ಹಿಡಿದಾಗ ಮಗು ಉಸಿರಿಗಾಗಿ ಬಾಯಿ ತೆರೆಯುತ್ತದೆ, ಬಾಯಲ್ಲಿದ್ದುದನ್ನೂ ಉಸಿರಿನ ಜೊತೆ ಎಳೆದುಕೊಳ್ಳುತ್ತದೆ. ಹರಳೆಣ್ಣೆ, ತುಪ್ಪ ಹೀಗೆ ಶ್ವಾಸಕೋಶ ಸೇರಿದರೆ ಬೇಗ ವಾಸಿಯಾಗದ ನ್ಯುಮೋನಿಯಾ ಬರಬಹುದು.

ಮಗುವನ್ನು ನೆಟ್ಟಗೆ ಕೂರಿಸಿ, ಕತ್ತಿಗೆ ಆಸರೆ ಕೊಡಿ. ತಲೆ ಹಿಂದಕ್ಕೆ ವಾಲದಿರಲಿ, ಗದ್ದ ತುಸು ಬಾಗಿರಲಿ. ಸೂಜಿಯಿಲ್ಲದ ಸಿರಿಂಜಿನ ತುದಿಯನ್ನು ಕೆನ್ನೆಗೂ ವಸಡಿಗೂ ನಡುವೆ ಇಟ್ಟು ಅರ್ಧ ಎಂಎಲ್‌ನಷ್ಟು ಬಿಡಿ. ನುಂಗಿದ್ದು ಕಣ್ಣಿಗೆ ಕಂಡ ಮೇಲೆಯೇ ಇನ್ನಷ್ಟು. 5 ಎಂಎಲ್‌ಗೆ ಹತ್ತು ನಿಮಿಷ ಹಿಡಿದರೂ ಹಿಡಿಯಲಿ. ಅಳುವಾಗ, ನಿದ್ದೆಗಣ್ಣಿನಲ್ಲಿ, ಫಿಟ್ಸ್ ಬಂದಾಗ ಬಾಯಿಗೆ ಏನನ್ನೂ ಹಾಕಬೇಡಿ. ಕುಡಿಸಿದ ಮೇಲೆ ಅರ್ಧ ಗಂಟೆ ಮಲಗಿಸುವುದೂ ಬೇಡ.

ಕೆಮ್ಮಲಿಲ್ಲ ಎಂದು ನೆಮ್ಮದಿಪಡುವಂತಿಲ್ಲ. ಕೆಲವು ಮಕ್ಕಳಲ್ಲಿ ಕೆಮ್ಮಿನ ಸುಳಿವೇ ಇಲ್ಲದೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಕುಡಿದ ಮೇಲೆ ದನಿ ಗೊರಗೊರ ಎನ್ನುವುದು, ಕಣ್ಣಲ್ಲಿ ನೀರಾಡುವುದು, ಪದೇ ಪದೇ ಕಫ ಕಟ್ಟಿ ಜ್ವರ ಬರುವುದು ಕಂಡರೆ ತಡಮಾಡಬೇಡಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ನುಂಗುವ ತೊಂದರೆಯನ್ನು ಪರೀಕ್ಷಿಸುವ ತಜ್ಞರಿದ್ದಾರೆ.

ಇನ್ನು ಮಾತ್ರೆ. ಎಲ್ಲವನ್ನೂ ಕುಟ್ಟಿ ಪುಡಿಮಾಡಲು ಬರುವುದಿಲ್ಲ. ಸ್ಟ್ರಿಪ್ ಮೇಲೆ ಸಿಆರ್, ಎಸ್ಆರ್, ಇಆರ್ ಎಂದಿದ್ದರೆ ಅದು ಗಂಟೆಗಟ್ಟಲೆ ನಿಧಾನವಾಗಿ ಬಿಡುಗಡೆಯಾಗುವ ಔಷಧ. ಪುಡಿ ಮಾಡಿದರೆ ಅಷ್ಟೂ ಒಮ್ಮೆಗೇ ರಕ್ತಕ್ಕೆ ನುಗ್ಗುತ್ತದೆ. ಫಿಟ್ಸ್‌ಗೆ ಕೊಡುವ ಸೋಡಿಯಂ ವಾಲ್ಪ್ರೊಯೇಟ್ ಈ ರೂಪದಲ್ಲೂ ಸಿಗುತ್ತದೆ, ಸಿರಪ್ ಆಗಿಯೂ ಸಿಗುತ್ತದೆ. ಆದರೆ ಸಿರಪ್ಪಿನ ಹೊತ್ತುಗಳು ಬೇರೆ, ನೀವಾಗಿಯೇ ಬದಲಿಸಬೇಡಿ. ಚೀಟಿ ಬರೆಯುವ ಮೊದಲೇ ‘ನಮ್ಮ ಮಗುವಿಗೆ ಮಾತ್ರೆ ನುಂಗಲು ಆಗುವುದಿಲ್ಲ ಡಾಕ್ಟ್ರೇ’ ಎಂದುಬಿಡಿ. ಪುಡಿ ಮಾಡಬಹುದೆಂದು ಅವರು ಹೇಳಿದರೆ, ಮಗು ಸಲೀಸಾಗಿ ನುಂಗುವ ಒಂದು ಚಮಚ ರಾಗಿ ಸರಿಯಲ್ಲಿ ಕಲಸಿ. ಬಟ್ಟಲು ತುಂಬಾ ಕಲಸಿದರೆ, ಉಳಿದ ಸರಿಯಲ್ಲಿ ಎಷ್ಟು ಔಷಧ ಉಳಿಯಿತೆಂದು ಯಾರಿಗೂ ತಿಳಿಯದು. ಫೆನಿಟಾಯಿನ್ ಸಿರಪ್ ತಳಕ್ಕೆ ಕೂರುತ್ತದೆ, ಪ್ರತಿ ಸಲವೂ ಚೆನ್ನಾಗಿ ಕುಲುಕಿ.

ಪೋಷಕರಿಗೆ ಹೆಚ್ಚಾಗಿ ಗೊತ್ತಿಲ್ಲದ ಸಂಗತಿ ಇನ್ನೊಂದಿದೆ. ತೆಳು ದ್ರವ ನುಂಗಲಾಗದ ಮಕ್ಕಳಿಗೆ ನೀರು, ಹಾಲನ್ನು ಮಂದವಾಗಿಸುವ ಪುಡಿ ಬೆರೆಸಿ ಕೊಡುತ್ತಾರೆ. ಆ ಪುಡಿ ಪಿಷ್ಟದ್ದಾಗಿದ್ದು, ಅದರೊಳಗೆ ಮಲಬದ್ಧತೆಗೆ ಕೊಡುವ ಪಾಲಿಎಥಿಲೀನ್ ಗ್ಲೈಕಾಲ್ ಸೇರಿಸಿದರೆ ದ್ರವ ಮತ್ತೆ ನೀರಿನಂತೆ ತೆಳುವಾಗಿಬಿಡುತ್ತದೆ. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2021ರಲ್ಲಿ ಈ ಬಗ್ಗೆ ಎಚ್ಚರಿಸಿತ್ತು. ನಿಮ್ಮ ಮನೆಯಲ್ಲಿ ಎರಡೂ ಬಳಕೆಯಲ್ಲಿದ್ದರೆ, ಎರಡು ಡಬ್ಬಗಳನ್ನೂ ತೆಗೆದುಕೊಂಡು ಹೋಗಿ ವೈದ್ಯರಿಗೆ ತೋರಿಸಿ.